ರವಿವಾರದ ಸಾಲಿ

"ಅಷ್ಟ ಬಿಗಿ ಕಟ್ಟಬ್ಯಾಡ್ರಿ, ಅವರಿಗೆ ಉಸರು ಕಟ್ಟತೈತಿ," ಎಂದು ರತ್ನವ್ವ ಅಂದಾಗ ಹಗ್ಗ ಹಿಡಿದಿದ್ದವರ ಕೈಗಳು ಒಮ್ಮೆಲೇ ನಿಂತವು.

ಹುಬ್ಬಳ್ಳಿಯ ಬೆಂಗೇರಿಯ ಆ ಎರಡು ಕೋಣೆಯ ಮನೆಯ ಪಡಸಾಲೆಯಲ್ಲಿ ಅವಳ ಗಂಡ ಗುರುಪಾದನ ಹೆಣವನ್ನು ಹಲಗೆಗೆ ಆನಿಸಿ ಕೂರಿಸುತ್ತಿದ್ದರು. ಮೀಯಿಸುವುದು ಆಗಿತ್ತು. ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಬಳಿದು ಎಡಗೈಯಲ್ಲಿ ಲಿಂಗ ಇಟ್ಟಿದ್ದರು. ತಲೆ ಮಾತ್ರ ಮತ್ತೆ ಮತ್ತೆ ಬಲಕ್ಕೆ ವಾಲುತ್ತಿತ್ತು. ಅವನ ಅಣ್ಣ ಶಾಂತಯ್ಯ ಗದ್ದಕ್ಕೆ ಕೈಕೊಟ್ಟು ಎತ್ತಿ ಹಿಡಿದಿದ್ದ. ಮಗ ಬಸವಕಿರಣ ಎದೆಯ ಸುತ್ತ ಹಗ್ಗ ಬಳಸುತ್ತಿದ್ದ.

"ಅವ್ವಾ, ನೀ ಒಳಗ ಹೋಗು," ಎಂದ ಕಿರಣ.

"ಯಾಕ? ನಾ ಏನ ಅಂದೆ?"

ತಾನು ಅಂದದ್ದೇನೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ನೆರೆಮನೆಯ ಕಸ್ತೂರೆವ್ವ ಬಂದು ಅವಳ ರಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಕೂರಿಸಿದಳು. "ಆಕಿಗೆ ಇನ್ನೂ ಖಬರ ಇಲ್ಲ," ಎಂದು ಉಳಿದ ಹೆಂಗಸರಿಗೆ ಸಣ್ಣ ದನಿಯಲ್ಲಿ ಹೇಳಿದಳು. "ನಿನ್ನಿ ಮಧ್ಯಾನದಿಂದ ಒಂದ ಹನಿ ಕಣ್ಣೀರ ತಗದಿಲ್ಲ. ಅಳಸ್ರೆವಾ ಯಾರರೆ."

ಹಿಂದಿನ ದಿನ ಬೆಳಿಗ್ಗೆ ಗುರುಪಾದ ಇದೇ ಪಡಸಾಲೆಯಲ್ಲಿ ಕೂತು ಎರಡು ರೊಟ್ಟಿ ತಿಂದಿದ್ದ. ಬದನೆಕಾಯಿ ಪಲ್ಯಕ್ಕೆ ಉಪ್ಪು ಕಮ್ಮಿ ಅಂದಿದ್ದ. ತಾರಿಹಾಳದಲ್ಲಿ ತಾನು ಪಾಠ ಹೇಳುವ ರವಿವಾರದ ಸಾಲಿಗೆ ಹೋಗಿ ಹನ್ನೆರಡೂವರೆಗೆ ಬರುತ್ತೇನೆ ಎಂದು ಸ್ಕೂಟರ್ ಹತ್ತಿದವನು ಸಂಜೆ ಆಂಬುಲೆನ್ಸಿನಲ್ಲಿ ಬಂದ. ಐವತ್ತೇಳು ವರ್ಷ. ಬಿಪಿ ಇರಲಿಲ್ಲ, ಸಕ್ಕರೆ ಇರಲಿಲ್ಲ. ನಿವೃತ್ತಿಗೆ ಇನ್ನೂ ಹತ್ತು ತಿಂಗಳಿತ್ತು.

ಹಗ್ಗದ ಗಂಟು ಹಾಕಿ ಕಿರಣ ಎದ್ದ. ಅವನ ಕಣ್ಣು ಕೆಂಪಾಗಿದ್ದವು. ಗೋಕುಲ ರಸ್ತೆಯ ಟ್ರ್ಯಾಕ್ಟರ್ ಶೋರೂಮಿನವರು ಹಿಂದಿನ ದಿನ ಅವನನ್ನು ಗದಗಿನ ಕೃಷಿ ಮೇಳಕ್ಕೆ ಕಳಿಸಿದ್ದರು. ಅವನು ಬಂದು ಮುಟ್ಟುವ ಹೊತ್ತಿಗೆ ತಂದೆಯ ಮೈ ತಣ್ಣಗಾಗಿತ್ತು.

"ಒಂದೂವರಿ ತಾಸು, ದೊಡ್ಡಪ್ಪಾ," ಎಂದು ಅವನು ಶಾಂತಯ್ಯನಿಗೆ ಹೇಳಿದ. ನಿನ್ನೆಯಿಂದ ಇದೇ ಮಾತನ್ನು ಹತ್ತನೇ ಸಲ ಹೇಳುತ್ತಿದ್ದ. "ಅಪ್ಪ ಸಾಲ್ಯಾಗ ಎದಿ ಹಿಡಕೊಂಡ ಬಿದ್ದ ಮ್ಯಾಲೆ ಒಂದೂವರಿ ತಾಸು ಜೀವ ಇತ್ತಂತ. ಡಾಕ್ಟರ್ ಹೇಳ್ಯಾರ. ಮೂವತ್ತು ಮಂದಿ ಇದ್ರಂತ ಅಲ್ಲಿ, ಮೂವತ್ತು ಮಂದಿ! ಮನಿಗೆ ಒಂದ ಫೋನ್ ಮಾಡಬೇಕು ಅಂತ ಒಬ್ಬಾಂವಗೂ ತಿಳೀಲಿಲ್ಲ. ಒಂಬತ್ತ ವರ್ಷ ಪುಕ್ಕಟ ಕಲಿಸಿದ್ದಕ್ಕ ಇದನ್ನ ಕಲತಾರ ನೋಡ್ರಿ."

"ಪರಮುಲಕದ ಮಂದಿ, ಹೆದರಿರಬೇಕು," ಎಂದ ಶಾಂತಯ್ಯ.

"ಹೆದರ್ಯಾರಂತ! ಅವ್ವ ಇಲ್ಲೇ ಇದ್ಲು. ತಿಳದಿದ್ರ ಕಾಲ ಗಂಟ್ಯಾಗ ಆಟೋ ಹಿಡಕೊಂಡ ಹೋಗಿರತಿದ್ಲು. ಮಾರೀನರೆ ನೋಡತಿದ್ಲು."

ರತ್ನವ್ವ ಹೊಸ್ತಿಲ ಮೇಲೆ ಕೂತು ಇದನ್ನೆಲ್ಲ ಕೇಳಿದಳು. ಅವಳ ಫೋನು ಅಡುಗೆಮನೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಂದಾಗಿ ಬಿದ್ದಿತ್ತು. ನಿನ್ನೆ ಸಂಜೆ ಕಿರಣ, "ನಿನ್ನ ಫೋನ್ ಯಾಕ ಹತ್ತವಲ್ದಾಗಿತ್ತು?" ಎಂದು ಕೇಳಿದಾಗ, "ಚಾರ್ಜ್ ಇದ್ದಿಲ್ಲಪಾ," ಎಂದು ಹೇಳಿದ್ದಳು.

*

ನಿನ್ನೆ ಹತ್ತು ಗಂಟೆಯ ಹೊತ್ತಿಗೆ ರತ್ನವ್ವ ಗುರೆಳ್ಳು ಹುರಿಯುತ್ತಿದ್ದಳು. ಗುರೆಳ್ಳು ಒಲೆಯ ಮೇಲಿದ್ದಾಗ ಕಣ್ಣು ತೆಗೆಯುವಂತಿಲ್ಲ. ಒಂದು ಗಳಿಗೆ ಹೆಚ್ಚಾದರೆ ಕಹಿಯಾಗುತ್ತದೆ. ಆಗ ಫೋನು ಬಂತು.

ಹೆಸರಿಲ್ಲದ ನಂಬರು. ಒಬ್ಬ ಹೆಂಗಸು ಗಡಬಡಿಸಿ ಹಿಂದಿಯಲ್ಲಿ ಏನೋ ಹೇಳಿದಳು. ಗದ್ದಲದಲ್ಲಿ ರತ್ನವ್ವನಿಗೆ "ಮೇಡಮ್" ಎನ್ನುವುದೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲ. ನವಲಗುಂದದ ಹತ್ತಿರದ ಹಳ್ಳಿಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು ಅವಳು. ಹಿಂದಿ ಟಿವಿಯಲ್ಲಿ ಕೇಳಿದ್ದಳು, ಅಷ್ಟೇ. ಕಿರಣ ಮೇಲಿಂದ ಮೇಲೆ ಹೇಳಿಟ್ಟಿದ್ದ: "ಹಿಂದಿ, ಇಂಗ್ಲಿಷಿನ್ಯಾಗ ಯಾರರೆ ಫೋನ್ ಮಾಡಿದ್ರ ಮಾತಾಡಬ್ಯಾಡ, ಕಟ್ ಮಾಡು. ಬ್ಯಾಂಕಿನವರು ಅಂತಾರ, ಅಳತಾರ, ಕರೀತಾರ. ಎಲ್ಲಾ ಮೋಸ." ಕಸ್ತೂರೆವ್ವನ ಅಳಿಯ ಹೀಗೇ ಮೋಸ ಹೋಗಿದ್ದ.

"ರಾಂಗ್ ನಂಬರ್," ಎಂದಳು ರತ್ನವ್ವ. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಅದೊಂದೇ. ಅದನ್ನು ಹೇಳುವಾಗ ಅವಳಿಗೆ ತುಸು ಬಿಂಕವೂ ಬರುತ್ತಿತ್ತು. ಕಟ್ ಮಾಡಿದಳು.

ಮತ್ತೆ ಬಂತು. ಈ ಸಲ ಅದೇ ದನಿ ಇಂಗ್ಲಿಷಿನಲ್ಲಿ ಮಾತಾಡಿತು. ನಡುಗುತ್ತಿತ್ತು. ಈಗಿನ ಕಳ್ಳರು ಅಳುವುದನ್ನೂ ಕಲಿತಿದ್ದಾರಲ್ಲ ಎಂದು ರತ್ನವ್ವ ಬೆರಗಾದಳು. "ರಾಂಗ್ ನಂಬರ್, ರಾಂಗ್ ನಂಬರ್!"

ಮೂರನೇ ಸಲ ಆ ಹೆಂಗಸು ಅದೇ ಮಾತನ್ನು ಒಂದೊಂದೇ ಶಬ್ದ ಬಿಡಿಸಿ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ನಿಧಾನಕ್ಕೆ ಹೇಳಿದಳು. ಗುರೆಳ್ಳು ಚಟಪಟ ಅನ್ನತೊಡಗಿತ್ತು. ರತ್ನವ್ವ ಅರ್ಧ ಕಿವಿಯಲ್ಲಿ ಕೇಳಿ ಕಟ್ ಮಾಡಿದಳು. ನಾಲ್ಕನೇ ಸಲ ರಿಂಗಾದಾಗ ಅವಳು ಸಿಟ್ಟಿನಿಂದ ಫೋನನ್ನೇ ಬಂದ್ ಮಾಡಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು.

ಆ ದಿನದ ಗುರೆಳ್ಳು ಎಂದಿಗಿಂತ ಹದವಾಗಿ ಹುರಿದಿತ್ತು. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿ ಬಾಟಲಿಗೆ ತುಂಬಿದಳು. ಗುರುಪಾದನಿಗೆ ಅದರ ಮೇಲೆ ಹಸಿ ಎಣ್ಣೆ ಬಿಟ್ಟುಕೊಂಡು ತಿನ್ನುವ ರೂಢಿ. ಎಣ್ಣೆಯ ಗಿಂಡಿ ತೊಳೆದು ಬೋರಲು ಹಾಕುತ್ತಿದ್ದಾಗ ಕಸ್ತೂರೆವ್ವ ಬರಿಗಾಲಲ್ಲಿ ಓಡಿ ಬಂದಳು. ಅವಳ ಕೈಯಲ್ಲಿ ಅವಳದೇ ಫೋನಿತ್ತು. ಆ ಕಡೆ ಗುರುಪಾದನ ಗೆಳೆಯ ಯಾಕೂಬಸಾಬ ಮಾತಾಡುತ್ತಿದ್ದರು.

*

ಇವತ್ತು ಹನ್ನೊಂದು ಗಂಟೆಗೆ ಓಣಿಯ ಬಾಯಿಗೆ ಎರಡು ಗೂಡ್ಸ್ ಆಟೋಗಳು ಬಂದು ನಿಂತವು. ಮೂವತ್ತು ಜನರಾದರೂ ಇಳಿದರು. ಮುಂದೆ ಯಾಕೂಬಸಾಬ. ತಾರಿಹಾಳದಲ್ಲಿ ಲೇಥ್ ಮಷೀನಿನ ಶೆಡ್ ಇಟ್ಟುಕೊಂಡ ಮುದುಕ, ಗುರುಪಾದನ ಹಳೆಯ ಗೆಳೆಯ. ರವಿವಾರದ ಸಾಲಿ ನಡೆಯುತ್ತಿದ್ದದ್ದು ಅವರ ಶೆಡ್ಡಿನಲ್ಲೇ.

ಬಂದವರು ಓಣಿಯಲ್ಲಿಯೇ ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ಇಸ್ತ್ರಿ ಇಲ್ಲದಿದ್ದರೂ ಒಗೆದ ಅಂಗಿಗಳು. ಬಿಹಾರದವರು, ಒಡಿಶಾದವರು, ನೇಪಾಳದ ಇಬ್ಬರು ವಾಚಮನ್‌ಗಳು, ಆರೇಳು ಹೆಂಗಸರು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಬಂದು ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುವ ಡೋಲ್ಮಾ ಎಂಬ ಹೆಂಗಸು ತಮ್ಮಲ್ಲಿ ಗೌರವಕ್ಕೆ ಕೊರಳಿಗೆ ಹಾಕುವ ಬಿಳಿಯ ರೇಷ್ಮೆ ಪಟ್ಟಿಯೊಂದನ್ನು ಎರಡೂ ಅಂಗೈ ಮೇಲೆ ಹರಡಿಕೊಂಡು ಹಿಡಿದಿದ್ದಳು.

"ಇವರೇನ ಗುರುಪಾದಣ್ಣನ ಸಾಲಿ ಹುಡುಗೂರು?" ಎಂದು ಕಸ್ತೂರೆವ್ವ ಬಾಯಿ ಮೇಲೆ ಕೈ ಇಟ್ಟಳು. "ಹುಡುಗೂರು, ಹುಡುಗೂರು ಅಂತಿದ್ದ. ನಾ ಹುಡುಗೂರ ಅಂತ ತಿಳಿದಿದ್ದೆ ನಮ್ಮವ್ವಾ! ಅಲ್ಲಿ ಒಬ್ಬಾಂವಂದು ತಲೀನ ಬೆಳ್ಳಗಾಗೇತಿ."

ರತ್ನವ್ವನೂ ಅವರನ್ನು ನೋಡುತ್ತಿದ್ದದ್ದು ಅದೇ ಮೊದಲು. ಒಂಬತ್ತು ವರ್ಷ ಪ್ರತಿ ರವಿವಾರ ಗಂಡನನ್ನು ಅವರಿಗೆ ಬಿಟ್ಟುಕೊಟ್ಟಿದ್ದಳು. ಒಂದು ಸಲವೂ ಹೋಗಿ ನೋಡಿರಲಿಲ್ಲ. ಆ ಆರೇಳು ಹೆಂಗಸರಲ್ಲಿ ಒಬ್ಬಳ ದನಿ ಅವಳಿಗೆ ಗೊತ್ತಿತ್ತು. ಯಾರದು? ದಪ್ಪನೆಯ ಹೆಂಗಸೇ? ಹಳದಿ ಸೀರೆಯವಳೇ? ಮೂಲೆಯಲ್ಲಿ ನಿಂತು ನೆಲ ನೋಡುತ್ತಿದ್ದ, ಇಪ್ಪತ್ತೆರಡು ದಾಟದ ಆ ಕಪ್ಪನೆಯ ಹುಡುಗಿಯೇ?

ಯಾಕೂಬಸಾಬ ಗುರುಪಾದನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಹೊಸ್ತಿಲ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು.

"ನಂದ ತಪ್ಪು, ತಂಗಿ. ಗದಗಿನ್ಯಾಗ ನಿಕಾ ಇತ್ತು. ಫೋನ್ ಕಿಸೇದಾಗ ಇತ್ತು, ಸಪ್ಪಳ ಬಂದ್ ಮಾಡಿದ್ದೆ. ಹನ್ನೊಂದೂವರಿಗೆ ನೋಡಿದ್ರ ಒಂಬತ್ತ ಮಿಸ್ ಕಾಲ್ ಇದ್ದೂವು."

"ಯಾರ ಮಾಡಿದ್ರು?" ಎಂದಳು ರತ್ನವ್ವ.

"ದುರ್ಜೋಧನನ ಫೋನಿನಿಂದ ಬಂದಿದ್ದೂವು."

ಆ ಹೆಸರು ಅವಳಿಗೆ ಗೊತ್ತಿತ್ತು. ಮೊದಲ ಸಲ ಗುರುಪಾದ ಹೇಳಿದಾಗ ಅವಳು ನಕ್ಕು ನಕ್ಕು ಸುಸ್ತಾಗಿದ್ದಳು. "ದುರ್ಯೋಧನ ಅಂತ ಯಾರರೆ ಮಕ್ಕಳಿಗೆ ಹೆಸರಿಡತಾರೇನ್ರಿ?" ಎಂದರೆ, "ಒಡಿಶಾದಾಗ ಇಡತಾರ. ಭಾಳ ಛಲೋ ಮನಷ್ಯಾ ಅಂವ," ಎಂದಿದ್ದ ಅವನು. ಆ ಮಾತಿನಲ್ಲಿ ನಗು ಇರಲಿಲ್ಲ.

ಈಗ ಆ ದುರ್ಜೋಧನ ಅಂಗಳದಲ್ಲಿದ್ದ. ನಲವತ್ತರ ಗಡಿಯ, ಬಡಕಲು ಮೈಯ ಮನುಷ್ಯ. ಹೆಗಲ ಮೇಲಿನ ಟವೆಲಿನಲ್ಲಿ ಬಲಗೈ ಮುಚ್ಚಿಕೊಂಡು ನಿಂತಿದ್ದ. ಕಿರಣ ಅವನ ಎದುರಿಗೆ ಹೋಗಿ ನಿಂತದ್ದನ್ನು ಅವಳು ನೋಡಿದಳು.

"ಆಸ್ಪತ್ರಿಗೆ ಒಯ್ದಾಂವ ನೀನ ಏನು?"

"ಹೌದ್ರಿ," ಎಂದ ದುರ್ಜೋಧನ. ಹುಬ್ಬಳ್ಳಿಯ ಕನ್ನಡ ಅವನ ಬಾಯಲ್ಲಿ ಬೇರೆ ಯಾವುದೋ ರಾಗದಲ್ಲಿ ಬರುತ್ತಿತ್ತು.

"ಕನ್ನಡ ಬರತೈತಿ ನಿನಗ! ಮತ್ತ ಮನಿಗೆ ಯಾಕ ಫೋನ್ ಮಾಡಲಿಲ್ಲ?"

ದುರ್ಜೋಧನ ತಲೆ ಎತ್ತಿದ. ಅವನ ಕಣ್ಣು ಕಿರಣನ ಭುಜದ ಮೇಲಿಂದ ಹಾದು ಹೊಸ್ತಿಲಿಗೆ ಬಂದು ರತ್ನವ್ವನ ಕಣ್ಣಿಗೆ ತಾಗಿತು. ಒಂದೇ ಗಳಿಗೆ. ಅವನಿಗೆ ಎಲ್ಲಾ ಗೊತ್ತಿದೆ ಎಂಬುದು ಅವಳಿಗೆ ತಿಳಿಯಿತು. ಅವನು ಮತ್ತೆ ನೆಲ ನೋಡಿದ.

"ತಪ್ಪಾತ್ರಿ, ಸಾಹೇಬ್ರ," ಎಂದ.

*

ಒಂಬತ್ತು ವರ್ಷದ ಹಿಂದೆ ಗುರುಪಾದ ನಾಲ್ಕು ದಿನ ಊಟ ಬಿಟ್ಟಿದ್ದ. ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಅವನು ಮೇಂಟೆನನ್ಸ್ ಫಿಟ್ಟರ್. ಕೆಟ್ಟ ಮಷೀನು ಬಿಚ್ಚಿ ರಿಪೇರಿ ಮಾಡುವ ಕೆಲಸ. ಹೊಟ್ಟೆ ಕೆಟ್ಟಿರಬೇಕೆಂದು ರತ್ನವ್ವ ಅಜವಾನದ ನೀರು ಕುದಿಸಿ ಕೊಟ್ಟಿದ್ದಳು. ಕುಡಿದ. ಏನೂ ಹೇಳಲಿಲ್ಲ. ಮುಂದಿನ ತಿಂಗಳು, "ಯಾಕೂಬನ ಶೆಡ್ಡಿನ್ಯಾಗ ಸಾಲಿ ಶುರು ಮಾಡೇನಿ," ಅಂದ.

"ಯಾವ ಸಾಲಿ?"

"ಹೊರಗಿಂದ ದುಡಿಯಾಕ ಬಂದ ಮಂದಿಗೆ ಇಂಗ್ಲಿಷ್ ಕಲಸತೇನಿ. ಫೀ ಇಲ್ಲ."

"ಕನ್ನಡ ಕಲಸ್ರಿ ಬೇಕಾದ್ರ. ಇಂಗ್ಲಿಷ್ ನಿಮಗರೆ ಎಲ್ಲಿ ಬರತೈತಿ?"

"ಕನ್ನಡ ಅವರು ಸಂತ್ಯಾಗ ಕಲೀತಾರ, ಆರ ತಿಂಗಳಿನ್ಯಾಗ. ಮಷೀನಿನ ಮ್ಯಾಲೆ ಬರದಿದ್ದು ಇಂಗ್ಲಿಷ್, ರತ್ನಾ."

ಅವನಿಗೆ ಬರುತ್ತಿದ್ದದ್ದು ಐಟಿಐ ಓದಿದಷ್ಟು ಇಂಗ್ಲಿಷ್. ಶನಿವಾರ ತಾನು ಕಲಿಯುತ್ತಿದ್ದ, ರವಿವಾರ ಕಲಿಸುತ್ತಿದ್ದ. ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಮುಂದೆ ಪಾಠ ಹೇಳಿಕೊಳ್ಳುತ್ತಿದ್ದ. ಒಂದು ವಾರವಿಡೀ ಒಂದೇ ಮಾತು ನಡೆದಿತ್ತು: "ಮ್ಯಾನ್ ಫೆಲ್ ಡೌನ್. ಪ್ಲೀಸ್ ಕಮ್ ಫಾಸ್ಟ್. ಮ್ಯಾನ್ ಫೆಲ್ ಡೌನ್. ಪ್ಲೀಸ್ ಕಮ್ ಫಾಸ್ಟ್."

"ಏನ್ರಿ ಅದು ಮಂತ್ರ?" ಎಂದು ಅವಳು ಚಹಾ ತಂದಿಟ್ಟು ಕೇಳಿದ್ದಳು.

"ಮಂತ್ರಾನ ಅಂತ ತಿಳಿ. ಯಾರಿಗರೆ ಪೆಟ್ಟಾತಂದ್ರ ಫೋನಿನ್ಯಾಗ ಹೆಂಗ ಹೇಳಬೇಕು, ಅದರ ಪಾಠ. ಗಡಬಡಿಸಬಾರದು. ಒಂದೊಂದ ಶಬ್ದ ಬಿಡಿಸಿ ಹೇಳಬೇಕು."

ಅವತ್ತು ಅವಳಿಗೆ ಏನು ಅನ್ನಿಸಿತೋ, "ನನಗೂ ಒಂದೀಟ ಕಲಸ್ರಿ," ಎಂದಿದ್ದಳು. "ಊರ ಮಂದಿಗೆಲ್ಲಾ ಕಲಸತೀರಿ. ಬಸ್ಸಿನ ಬೋರ್ಡ್ ಬ್ಯಾಡ, ಔಷಧದ ಚೀಟಿ ಬ್ಯಾಡ, ಫೋನ್ ಬಂದ್ರ ಯಾರು, ಏನು ಅಂತ ತಿಳೀವಷ್ಟು."

ಗುರುಪಾದ ಮುಖದ ನೊರೆ ಒರೆಸಿಕೊಂಡು ನಕ್ಕ. ಅವಳ ಕೆನ್ನೆಗೆ ಒದ್ದೆ ಬೆರಳು ಮುಟ್ಟಿಸಿದ.

"ನಿನಗ್ಯಾಕ ಬೇಕ ಹುಚ್ಚಿ? ನಾ ಇದ್ದೇನಲ್ಲ."

*

ಫೆಲ್ ಡೌನ್. ಕಮ್ ಫಾಸ್ಟ್.

ಹೊಸ್ತಿಲಲ್ಲಿ ಕೂತಿದ್ದ ರತ್ನವ್ವನ ಕಿವಿಯಲ್ಲಿ ಆ ಶಬ್ದಗಳು ಈಗ ಮೊದಲ ಸಲ ಬಿಚ್ಚಿಕೊಂಡವು. ಕನ್ನಡಿಯ ಮುಂದಿನ ದನಿ ಮತ್ತು ಫೋನಿನ ದನಿ ಎರಡೂ ಒಂದರ ಮೇಲೊಂದು ಕೂತವು. ಮೂರನೇ ಸಲ ಆ ಹೆಂಗಸು ಗಡಬಡಿಸಿರಲಿಲ್ಲ, ಒಂದೊಂದೇ ಶಬ್ದ ಬಿಡಿಸಿ ಹೇಳಿದ್ದಳು. "ಮ್ಯಾನ್" ಅನ್ನುವಲ್ಲಿ "ಸರ್" ಅಂದಿದ್ದಳು, ಅಷ್ಟೇ ಫರಕು. ಅವನು ಕಲಿಸಿದ್ದನ್ನು ಅವನ ಹುಡುಗರು ಚೂರೂ ತಪ್ಪದೆ ಅವನ ಮನೆಗೇ ಹೇಳಿದ್ದರು.

ಅವಳು ತಿರುಗಿ ಅಡುಗೆಮನೆಯ ಹಿಟ್ಟಿನ ಡಬ್ಬಿಯ ಕಡೆ ನೋಡಿದಳು.

ಹೊರಗೆ ಮಠದ ಅಯ್ಯಗಳು ಬಂದಿದ್ದರು. ಹೊತ್ತಾಗುತ್ತದೆ, ಎತ್ತಬೇಕು ಅನ್ನುತ್ತಿದ್ದರು. ಅಂಗಳದಲ್ಲಿ ಹೆಣ ಕೂರಿಸಿ ಹೊತ್ತೊಯ್ಯುವ ವಿಮಾನ ಸಿಂಗರಿಸಿ ಆಗಿತ್ತು. ದುರ್ಜೋಧನ ಒಂದು ಕಡೆಯಿಂದ ಹೆಗಲು ಕೊಡಲು ಮುಂದೆ ಬಂದ. ಕಿರಣ ಅವನ ಎದೆಗೆ ಕೈ ಇಟ್ಟು ಹಿಂದಕ್ಕೆ ನೂಕಿದ.

"ನೀ ಮುಟ್ಟಬ್ಯಾಡ. ನೀವು ಯಾರೂ ಮುಟ್ಟಬ್ಯಾಡ್ರಿ. ಮಣ್ಣ ಕೊಡಾಕೂ ಬರಬ್ಯಾಡ್ರಿ. ನಮ್ಮಪ್ಪ ಸಾಯಾಕತ್ತಾಗ ನೋಡಕೋತ ನಿಂತ ಮಂದಿ ನೀವು!"

ದುರ್ಜೋಧನ ಎಡವಿ ಒಂದು ಹೆಜ್ಜೆ ಹಿಂದೆ ಸರಿದ. ಟವೆಲು ಕೆಳಗೆ ಬಿತ್ತು. ಮೂಲೆಯಲ್ಲಿದ್ದ ಕಪ್ಪನೆಯ ಹುಡುಗಿಗೆ ಮಾತು ತಿಳಿಯಲಿಲ್ಲ, ನೂಕಿದ್ದು ತಿಳಿಯಿತು. ಅವಳು ಮುಂದೆ ಬಂದು ಎರಡೂ ಕೈ ಆಡಿಸುತ್ತಾ, "ಸರ್, ಐ ಕಾಲ್... ಐ ಕಾಲ್ ಫೋರ್ ಟೈಮ್..." ಎಂದಳು. ಅದೇ ದನಿ. ದುರ್ಜೋಧನ ಸರಕ್ಕನೆ ತಿರುಗಿ ಅವಳ ಭಾಷೆಯಲ್ಲಿ ಏನೋ ಗದರಿ ಅವಳನ್ನು ಸುಮ್ಮನಾಗಿಸಿದ.

"ಕಿರಣ," ಎಂದಳು ರತ್ನವ್ವ.

ಯಾರೂ ಕೇಳಲಿಲ್ಲ. ಅವಳು ಎದ್ದು ನಿಂತಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕಿರಣಾ, ಅವರು ಫೋನ್ ಮಾಡಿದ್ರು."

ಭಜನೆಯವನ ತಾಳ ಅರ್ಧಕ್ಕೆ ನಿಂತಿತು.

"ಏನಂದಿ?"

"ನಾಕ ಸಲ ಮಾಡಿದ್ರು. ಈ ಹುಡಿಗೀನ ಮಾಡಿದ್ಲು. ನನಗ ತಿಳೀಲಿಲ್ಲ. ರಾಂಗ್ ನಂಬರ್ ಅಂದೆ. ಕಟ್ ಮಾಡಿದೆ. ಆಮ್ಯಾಲೆ ಫೋನ್ ಬಂದ ಮಾಡಿ ಇಟ್ಟೆ." ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. "ಚಾರ್ಜ್ ಇತ್ತು."

ಕಿರಣ ತಾಯಿಯನ್ನು ನೋಡುತ್ತಲೇ ನಿಂತ. ಮೋಸದ ಫೋನು, ಮಾತಾಡಬ್ಯಾಡ, ಕಟ್ ಮಾಡು ಎಂದು ಹೇಳಿಕೊಟ್ಟವನು ತಾನೇ ಎಂಬುದು ನೆನಪಾಯಿತೋ ಏನೋ, ಮುಖದ ಬಣ್ಣ ಇಳಿದುಹೋಯಿತು. ಕಸ್ತೂರೆವ್ವ, "ಶಿವನೇ," ಎಂದು ಗೋಡೆಗೆ ಆತುಕೊಂಡಳು. ಶಾಂತಯ್ಯ, "ಅಯ್ಯೋ ತಂಗಿ, ಎಂಥಾದ್ದು ಮಾಡಿದೆವಾ," ಎಂದು ಅನ್ನಬಾರದೆಂದುಕೊಂಡರೂ ಅಂದುಬಿಟ್ಟ.

ರತ್ನವ್ವ ಮೆಟ್ಟಿಲು ಇಳಿದು ದುರ್ಜೋಧನನ ಮುಂದೆ ಬಂದಳು.

"ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?"

ಅವನು ಬಗ್ಗಿ ಟವೆಲು ಎತ್ತಿಕೊಳ್ಳಲು ಹೋದ. ಬಲಗೈಗೆ ಹೆಬ್ಬೆರಳು ಮತ್ತು ಕಿರುಬೆರಳು ಎರಡೇ ಇದ್ದವು. ನಡುವೆ ಬರಿಯ ಹೊಳೆಯುವ ಚರ್ಮ. ಟವೆಲು ಮತ್ತೆ ಜಾರಿತು. ಅವನು ಅದನ್ನು ಅಲ್ಲಿಯೇ ಬಿಟ್ಟ.

"ತಪ್ಪು ಯಾರದು ಅಂದಾಗ ಸರ್ ನನ್ನ ಹೆಸರನೂ ಹೇಳಲಿಲ್ಲ, ಮೇಡಮ್," ಎಂದ.

"ಯಾವಾಗ?"

ಅವನು ಯಾಕೂಬಸಾಬರತ್ತ ನೋಡಿದ. ಯಾಕೂಬಸಾಬ ಹೇಳು ಎನ್ನುವಂತೆ ತಲೆ ಆಡಿಸಿದರು.

"ನಾ ಕಾರ್ಖಾನಿಗೆ ಬಂದು ಹನ್ನೊಂದ ದಿನ ಆಗಿತ್ರಿ. ಪ್ರೆಸ್ ಮಷೀನ್ ರಿಪೇರಿ ಇತ್ತು. ಸರ್ ಅದರ ಮುಂದಿನ, ಕೈ ಕಾಯೂ ಜಾಲರಿ ಬಿಚ್ಚಿ, ಒಂದು ಚೀಟಿ ಕಟ್ಟಿ, ಬೋಲ್ಟ್ ತರಾಕ ಸ್ಟೋರಿಗೆ ಹೋಗಿದ್ರು. ಡು ನಾಟ್ ಸ್ಟಾರ್ಟ್ ಅಂತ ಬರದಿತ್ತು. ಇಂಗ್ಲಿಷ್. ನನಗ ತಿಳೀಲಿಲ್ಲ. ಕಂಪನೀದು ಏನೋ ಚೀಟಿ ಅಂತ ಸರಿಸಿ ಬಟನ್ ಒತ್ತಿದೆ." ಅವನು ಕೈ ಎತ್ತಿ ತೋರಿಸಲಿಲ್ಲ, ಕೆಳಗೆ ಬಿಟ್ಟ ಹಾಗೇ ಇತ್ತು. "ಆಫೀಸಿನವರು ಬರದ್ರು, ಚೀಟಿ ಇತ್ತು, ಲೇಬರ್ ಓದಲಿಲ್ಲ, ಲೇಬರ್ ತಪ್ಪು ಅಂತ. ಎಲ್ಲಾರೂ ಹಂಗ ಅಂದ್ರು. ಸರ್ ದವಾಖಾನಿಗೆ ಬಂದ್ರು. ನನ್ನ ಹಾಸಿಗಿ ಮ್ಯಾಲೆ ಕುಂತು ಅತ್ರು. ನಿನ್ನ ತಪ್ಪಲ್ಲ ದುರ್ಜೋಧನ, ಚೀಟಿ ಬರದಾಂವ ನಾನು, ಅಂದ್ರು."

"ಆಗ ನಾಕ ದಿನ ಮನಿಯಾಗ ಉಂಡಿರಲಿಕ್ಕಿಲ್ಲ ಅಂವ," ಎಂದರು ಯಾಕೂಬಸಾಬ. "ಮನಿಯಾಗ ಹೇಳಬ್ಯಾಡ ಅಂದಿದ್ದ. ನಾ ಹೇಳಿಲ್ಲ ತಂಗಿ, ಇವತ್ತಿನ ತನಕ."

ರತ್ನವ್ವ ಹಲಗೆಗೆ ಕಟ್ಟಿ ಕೂರಿಸಿದ್ದ ಗಂಡನ ಕಡೆ ತಿರುಗಿದಳು. ಮೂವತ್ತು ವರ್ಷ ಒಂದೇ ತಾಟಿನ ಆಚೀಚೆ ಕೂತು ಉಂಡ ಮನುಷ್ಯ. ಕಣ್ಣು ಮುಚ್ಚಿದ್ದ ಆ ಮುಖ ಈಗ ಯಾರೋ ಹೊಸಬರದೆನ್ನಿಸಿತು. ಕೇಳಬೇಕಾದ್ದು ಎಷ್ಟೋ ಇತ್ತು. ಅವಳು ಮತ್ತೆ ದುರ್ಜೋಧನನನ್ನೇ ಕೇಳಿದಳು.

"ನಿನ್ನಿ ಏನರೆ ಅಂದ್ರೇನು? ಆಟೋದಾಗ ಆಸ್ಪತ್ರಿಗೆ ಒಯ್ಯುವಾಗ?"

ದುರ್ಜೋಧನ ಮತ್ತೆ ಟವೆಲಿಗೆ ಬಗ್ಗಿದ.

"ಹೋಗ್ಲಿ ಬಿಡು ತಂಗಿ," ಎಂದರು ಯಾಕೂಬಸಾಬ.

"ಬಿಡೂದಿಲ್ಲ. ಖರೇ ಹೇಳಪಾ, ನಿನ್ನ ಮಕ್ಕಳ ಆಣಿ."

"ಸರ್ ತಲಿ ನನ್ನ ತೊಡಿ ಮ್ಯಾಲಿತ್ತು. ಫೋನ್ ನಾ ಫುಲ್ಮನಿ ಕೈಯಾಗ ಕೊಟ್ಟ ಬಂದಿದ್ದೆ. ಈಕಿ ಝಾರ್ಖಂಡದಾಕಿ, ಬಂದು ನಾಕ ತಿಂಗಳಾತು. ಮನಿಗೆ ಮಾಡು ಅಂತ ಹೇಳಿದ್ದೆ. ಸರ್ ಕೇಳಿದ್ರು, ರತ್ನಾ ಬಂದ್ಲೇನು ಅಂತ. ದವಾಖಾನಿ ಬಾಗಲಾಗ ಇನ್ನೊಂದ ಸಲ ಕೇಳಿದ್ರು."

"ನೀ ಏನಂದಿ?"

"ಆನ್ ದ ವೇ ಅಂದೆ."

"ಹಂಗಂದ್ರ?"

"ದಾರ್ಯಾಗ ಅದಾರ, ಬರಾಕತ್ತಾರ ಅಂತ."

ರತ್ನವ್ವ ಹಲಗೆಯ ಕಡೆ ಒಂದು ಹೆಜ್ಜೆ ಇಟ್ಟು ವಾಲಿದಳು. ಹಿಡಿಯಲು ಬಂದ ಕಸ್ತೂರೆವ್ವನಿಗಿಂತ ಮೊದಲು ಫುಲ್ಮನಿ ಅವಳನ್ನು ತಬ್ಬಿ ಹಿಡಿದಳು. ನಿನ್ನೆಯಿಂದ ಬಾರದ ಅಳು ಆಗ ಬಂತು. ಅಳುವೂ ಅಲ್ಲ, ಗಂಟಲಿನಿಂದ ಕಿತ್ತು ಬಂದ ಒಂದು ಸದ್ದು. ಓಣಿಯ ಕೊನೆಯ ಮನೆಯವರೂ ಹೊರಗೆ ಬಂದು ನಿಂತರು.

*

ಎರಡು ಗಂಟೆಗೆ ಎತ್ತಿದರು. ವಿಮಾನದ ಮುಂದಿನ ಒಂದು ಕಡೆ ಶಾಂತಯ್ಯ, ಇನ್ನೊಂದು ಕಡೆ ಕಿರಣ. ಹಿಂದೆ ಯಾಕೂಬಸಾಬರ ಜೊತೆ ಹೆಗಲು ಕೊಡಲು ಇನ್ನೊಬ್ಬರು ಬೇಕಾಗಿತ್ತು. ಕಿರಣ ಯಾರ ಕಡೆಯೂ ನೋಡದೆ, "ದುರ್ಜೋಧನ, ನೀ ಅಲ್ಲಿ ಹಿಡಿ," ಎಂದ. ಅಷ್ಟೇ ಅಂದ. ಆಮೇಲೆ ತಾಯಿಯ ಮುಖವನ್ನು ಅವನು ಮತ್ತೆ ನೋಡಿರಲಿಲ್ಲ.

ಡೋಲ್ಮಾ ಬಿಳಿಯ ಪಟ್ಟಿಯನ್ನು ಗುರುಪಾದನ ಕೊರಳಿಗೆ ಹಾಕಿದಾಗ ಬಂಧುಗಳು ಅಯ್ಯಗಳ ಮುಖ ನೋಡಿದರು. "ಇರಲಿ ಬಿಡ್ರಿ, ಬಿಳೀ ಅರಿವಿ ಅಲ್ಲೇನು," ಎಂದರು ಅಯ್ಯಗಳು.

ಬಿಸಿಲು ಚುರುಗುಟ್ಟುತ್ತಿತ್ತು. ಹೆಂಗಸರ ಗುಂಪಿನಲ್ಲಿ ರತ್ನವ್ವ ಕಾಲೆಳೆಯುತ್ತಾ ನಡೆದಳು. ಕಸ್ತೂರೆವ್ವ ಒಂದು ಕಡೆ, ಫುಲ್ಮನಿ ಇನ್ನೊಂದು ಕಡೆ. ಫುಲ್ಮನಿಗೂ ಅವಳಿಗೂ ನಡುವೆ ಮಾತಾಡಲು ಒಂದು ಭಾಷೆ ಇರಲಿಲ್ಲ. ಹುಡುಗಿ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೆವರಿಗೆ ಕೈ ಜಾರಿದಾಗಲೆಲ್ಲ ಮತ್ತೆ ಹಿಡಿಯುತ್ತಿದ್ದಳು.

ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ರೇಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಬರುವುದಿತ್ತು. ವಿಮಾನವನ್ನು ನೆಲಕ್ಕೆ ಇಳಿಸಬಾರದು ಎಂದರು ಅಯ್ಯಗಳು. ಹೆಗಲ ಮೇಲೆ ಹೊತ್ತುಕೊಂಡೇ ನಿಂತರು. ಎಲ್ಲರ ತಲೆಗಿಂತ ಎತ್ತರದಲ್ಲಿ ಗುರುಪಾದ ನೆಟ್ಟಗೆ ಕೂತು ಹಳಿಗಳ ಕಡೆ ಮುಖ ಮಾಡಿದ್ದ.

ಗಾಡಿ ಬಂತು. ತಾಳ, ಭಜನೆ ಎಲ್ಲಾ ಅದರ ಸದ್ದಿನಲ್ಲಿ ಮುಳುಗಿಹೋದವು. ಒಂದರ ಹಿಂದೆ ಒಂದು ತುಕ್ಕು ಬಣ್ಣದ ಡಬ್ಬಿಗಳು. ಪ್ರತಿಯೊಂದರ ಮೇಲೂ ಬಿಳಿಯ ದೊಡ್ಡ ಇಂಗ್ಲಿಷ್ ಅಕ್ಷರಗಳು. ರತ್ನವ್ವ ಪಕ್ಕಕ್ಕೆ ನೋಡಿದಳು. ಫುಲ್ಮನಿಯ ತುಟಿಗಳು ಅಲುಗುತ್ತಿದ್ದವು. ಅವಳಾಚೆ ಡೋಲ್ಮಾಳ ತುಟಿಗಳು. ನೇಪಾಳದ ವಾಚಮನ್‌ಗಳದು, ತಲೆ ನರೆತ ಬಿಹಾರಿಯದು, ಹೆಗಲಲ್ಲಿ ಭಾರ ಹೊತ್ತು ಕತ್ತು ವಾರೆ ಮಾಡಿ ನಿಂತಿದ್ದ ದುರ್ಜೋಧನನದು. ಮೂವತ್ತು ಜನ ಕಣ್ಣೀರು ಒರೆಸಿಕೊಳ್ಳುತ್ತಲೇ, ತಮಗೇ ತಿಳಿಯದ ಹಾಗೆ, ಹೋಗುವ ಡಬ್ಬಿಗಳ ಮೇಲಿನ ಅಕ್ಷರ ಓದುತ್ತಿದ್ದರು.

ರತ್ನವ್ವ ಫುಲ್ಮನಿಯ ಕೈ ಜಗ್ಗಿ, ಗಾಡಿಯತ್ತ ಗದ್ದ ಎತ್ತಿ ತೋರಿಸಿದಳು. "ಏನದು?"

ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ. ಹುಡುಗಿಗೆ ತಿಳಿಯಿತು. ಅವಳು ರತ್ನವ್ವನ ಕಡೆ ಪೂರ್ತಿ ತಿರುಗಿ, ಬಾಯಿ ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು. ರತ್ನವ್ವ ಆ ಬಾಯನ್ನೇ ನೋಡಿದಳು. ಶಬ್ದ ಮುಗಿಯುವ ಮೊದಲೇ ಡಬ್ಬಿ ದಾಟಿಹೋಯಿತು. ಫುಲ್ಮನಿ ಅದರ ಹಿಂದಿನ ಡಬ್ಬಿಯಿಂದ ಮತ್ತೆ ಮೊದಲು ಮಾಡಿದಳು.